ಮನೆ ರಿಪೇರಿಗೆ ಕೈ ಉಪಕರಣಗಳನ್ನು ಆರಿಸುವ ಬಗೆ

ಮನೆ ರಿಪೇರಿಗೆಂದು ಉಪಕರಣ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ತಮ್ಮ ಮನೆಯನ್ನೇ ಒಂದು ಸುತ್ತು ನೋಡಿಕೊಳ್ಳುವುದು ಒಳ್ಳೆಯದು. ಸ್ವಿಚ್ ಬೋರ್ಡು, ಕಪಾಟಿನ ಕೀಲು, ಬಾಗಿಲ ಚಿಲಕ, ನಲ್ಲಿ, ಗೀಸರಿನ ಪೈಪು ಇವುಗಳಲ್ಲಿ ಯಾವ ಬಗೆಯ ಸ್ಕ್ರೂ, ಎಷ್ಟು ಗಾತ್ರದ ನಟ್ಟು ಇದೆಯೆಂದು ಗುರುತಿಸಿಕೊಂಡರೆ, ನೂರೆಂಟು ತುಣುಕುಗಳ ದೊಡ್ಡ ಪೆಟ್ಟಿಗೆಯ ಆಸೆ ತಾನಾಗಿಯೇ ಇಳಿಯುತ್ತದೆ. ಅಂಥ ಅಗ್ಗದ ಪೆಟ್ಟಿಗೆಗಳಲ್ಲಿ ಬಹುಪಾಲು ತುಣುಕುಗಳು ಹೊರಗೆ ಬರುವುದೇ ಇಲ್ಲ.

ಮೊದಲ ಹಣವನ್ನು ಸ್ಕ್ರೂ ಡ್ರೈವರಿಗೆ ಹಾಕಬೇಕು. ಮನೆಯ ಪ್ಲಸ್ ಸ್ಕ್ರೂಗಳಲ್ಲಿ ಹೆಚ್ಚಿನವಕ್ಕೆ 2ನೇ ನಂಬರಿನ ತುದಿ, ಚಿಕ್ಕವಕ್ಕೆ 1ನೇ ನಂಬರಿನದು ಸರಿಹೊಂದುತ್ತದೆ. ಜೊತೆಗೆ ಒಂದು ಮೈನಸ್ ಇದ್ದರೆ ಸಾಕು. ಮೆತ್ತಗಿನ ಉಕ್ಕಿನ ತುದಿ ತಾನೂ ಸವೆದು ಸ್ಕ್ರೂವಿನ ತಲೆಯನ್ನೂ ಸವೆಸುತ್ತದೆ, ಆಮೇಲೆ ಆ ಸ್ಕ್ರೂವನ್ನು ಹೊರತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಆದ್ದರಿಂದ ಕ್ರೋಮ್ ವನೇಡಿಯಮ್ (ಗಟ್ಟಿ ಬಗೆಯ ಉಕ್ಕು) ಎಂದು ನಮೂದಿಸಿರುವುದನ್ನು ನೋಡಿ, ಮನೆಯಿಂದ ಒಯ್ದ ಒಂದೆರಡು ಸ್ಕ್ರೂಗಳ ಮೇಲೆ ತುದಿಯನ್ನು ಇಟ್ಟು, ಅದು ಅಲ್ಲಾಡದೆ ಕೂರುತ್ತದೆಯೇ ಎಂದು ಪರೀಕ್ಷಿಸಿಯೇ ಕೊಳ್ಳಬೇಕು.

ತಂತಿಯಲ್ಲಿ ಕರೆಂಟಿದೆಯೇ ಎಂದು ಪುಟ್ಟ ದೀಪ ಹತ್ತಿಸಿ ತೋರಿಸುವ ಲೈನ್ ಟೆಸ್ಟರ್ ಅಗ್ಗದ ವಸ್ತುವಾದರೂ ನಮ್ಮ ಮನೆಗಳ 230 ವೋಲ್ಟಿನ ಮುಂದೆ ಅದನ್ನು ಹಗುರವಾಗಿ ಕಾಣುವಂತಿಲ್ಲ. ದೀಪ ಹತ್ತಲಿಲ್ಲವೆಂದ ಮಾತ್ರಕ್ಕೆ ತಂತಿಯಲ್ಲಿ ಕರೆಂಟಿಲ್ಲವೆಂದು ನಂಬಬಾರದು. ಕರೆಂಟಿರುವ ಇನ್ನೊಂದು ಸಾಕೆಟ್ಟಿನಲ್ಲಿ ಟೆಸ್ಟರನ್ನು ಮೊದಲು ನೋಡಿಕೊಂಡು, ಎಂ.ಸಿ.ಬಿ. (ಮೀಟರ್ ಬೋರ್ಡಿನ ಬಳಿ ಕರೆಂಟು ಕಡಿಯುವ ಸ್ವಿಚ್) ಇಳಿಸಿದ ಮೇಲೆ ಕೆಲಸದ ತಂತಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಕಟಿಂಗ್ ಪ್ಲೇಯರ್ 8 ಇಂಚಿನದಾಗಿ, ಹಿಡಿಯ ಮೇಲಿನ ಕವಚ ಬಿರುಕಿಲ್ಲದೆ ಇರಲಿ.

ನಲ್ಲಿ ಕೆಲಸಕ್ಕೆ 10 ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್ ಸಾಕು. ಕೊಳ್ಳುವಾಗ ಅದರ ದವಡೆಯನ್ನು ಅರ್ಧ ತೆರೆದು ಅಲ್ಲಾಡಿಸಿ ನೋಡಿ. ಸಡಿಲವಾಗಿದ್ದರೆ ಅದು ನಟ್ಟಿನ ಮೂಲೆಗಳನ್ನು ದುಂಡಗೆ ಮಾಡುತ್ತದೆ. ಹಲ್ಲುಳ್ಳ ಪೈಪ್ ರೆಂಚ್ ಜಿ.ಐ. (ಸತುವಿನ ಲೇಪದ ಕಬ್ಬಿಣದ) ಪೈಪಿಗೆ ಸರಿ, ಹೊಳಪಿನ ನಲ್ಲಿಯ ಮೇಲೆ ಗೀರು ಬೀಳಿಸುತ್ತದೆ. ಬೋರ್‌ವೆಲ್ ನೀರು ಬರುವ ಬೆಂಗಳೂರಿನ ಬಡಾವಣೆಗಳಲ್ಲಿ ನಟ್ಟುಗಳ ಮೇಲೆ ಬಿಳಿಯ ಸುಣ್ಣದ ಪದರ ಕಟ್ಟಿ ಅವು ಬಿಗಿದುಕೊಂಡಿರುವುದುಂಟು. ಅಲ್ಲಿ ಬಲ ಪ್ರಯೋಗಿಸಿದರೆ ಗೋಡೆಯೊಳಗಿನ ಸಿ.ಪಿ.ವಿ.ಸಿ. ಎಲ್ಬೋ (ಪ್ಲಾಸ್ಟಿಕ್ ಪೈಪಿನ ತಿರುವಿನ ಜೋಡಣೆ) ಬಿರುಕು ಬಿಡುವ ಅಪಾಯವಿದೆ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟು, ಒರೆಸಿ, ಆಮೇಲೆ ಸ್ಪ್ಯಾನರ್ ಹಾಕುವುದು ಜಾಣತನ. ಕೆಲಸಕ್ಕೆ ಮೊದಲು ನೀರು ನಿಲ್ಲಿಸುವ ಗೇಟ್ ವಾಲ್ವನ್ನು ಮುಚ್ಚಿರಬೇಕು ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಉಳಿದಂತೆ ಅರ್ಧ ಕೆ.ಜಿ. ತೂಕದ, ಮೊಳೆ ಕೀಳುವ ಕೊಂಬಿನ ಸುತ್ತಿಗೆ, 5 ಮೀಟರಿನ ಅಳತೆ ಟೇಪು, ನೀರು ಸೋರದಂತೆ ನಲ್ಲಿಯ ತಿರುಪಿಗೆ ಸುತ್ತುವ ಒಂದು ಟೆಫ್ಲಾನ್ ಟೇಪು ಇದ್ದರೆ ಬಹುಮಟ್ಟಿನ ಕೆಲಸ ನಡೆಯುತ್ತದೆ. ಡ್ರಿಲ್ಲಿಂಗ್ ಮೆಷಿನ್ನನ್ನು ಮೊದಲೇ ಕೊಳ್ಳುವ ಅಗತ್ಯವಿಲ್ಲ. ಅಪಾರ್ಟ್‌ಮೆಂಟಿನ ಕಾಂಕ್ರೀಟು ಗೋಡೆಗೆ ಹ್ಯಾಮರ್ ಡ್ರಿಲ್ ಬೇಕಾದ ದಿನ ಬಾಡಿಗೆಗೆ ತರುವುದು ಮೇಲು.

ಬೆಲೆ ಹೋಲಿಸಿ ನೋಡಲು ಬೆಂಗಳೂರಿನ ಟೌನ್ ಹಾಲ್ ಸಮೀಪದ ಎಸ್.ಜೆ.ಪಿ. ರಸ್ತೆಯ ಅಂಗಡಿಗಳು ಅನುಕೂಲ. ಒಂದೆರಡು ವಸ್ತುಗಳಷ್ಟೇ ಬೇಕಾದರೆ, ಪ್ಯಾಕೆಟ್ಟು ಒಡೆದು ಕೈಗೆ ಕೊಡುವ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯೇ ವಾಸಿ.