ಬಿಬಿ ಗ್ಲೋ ಮಾಡಿಸುವ ಮುನ್ನ ಸೊಳ್ಳೆ ಕಚ್ಚಿದ ಕಲೆ ನೋಡಿಕೊಳ್ಳಿ

ಅಕ್ಕನ ಮಗಳ ಮದುವೆಗೆ ಇನ್ನು ಮೂರು ವಾರ ಇತ್ತು. ಒಂದು ಸಂಜೆ ಫೋನ್ ಮಾಡಿ, ‘ಚಿಕ್ಕಮ್ಮಾ, ಬಿಬಿ ಗ್ಲೋ ಮಾಡಿಸ್ಲಾ? ಆರು ತಿಂಗಳು ಫೌಂಡೇಶನ್ನೇ ಬೇಡ್ವಂತೆ’ ಅಂದಳು. ಪಾರ್ಲರ್‌ನವರು ಕೊಟ್ಟ ‘ಮೊದಲು–ಆಮೇಲೆ’ ಫೋಟೊಗಳನ್ನೂ ವಾಟ್ಸಾಪ್ ಮಾಡಿದಳು. ಎರಡನೇ ಫೋಟೊದಲ್ಲಿ ಲೈಟು ಜಾಸ್ತಿ ಇತ್ತು ಅನ್ನುವುದು ಬಿಟ್ಟರೆ ನನಗೆ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ತಕ್ಷಣ ಬೇಡ ಅಂದೆ. ‘ಯಾಕೆ?’ ಅಂದಳು. ಅದಕ್ಕೆ ಉತ್ತರ ಫೋನಿನಲ್ಲಿ ಮುಗಿಯುವಂಥದ್ದಲ್ಲ.

ನೀವೂ ಇದೇ ಯೋಚನೆಯಲ್ಲಿದ್ದರೆ ದುಡ್ಡು ಕಟ್ಟುವ ಮೊದಲು ಕೆಲವು ಕೆಲಸ ಮಾಡಿಕೊಳ್ಳಿ. ಬಹುಪಾಲು ಮನೆಯಲ್ಲೇ ಆಗುತ್ತವೆ.

ಮೊದಲು, ಇದು ಏನು ಅಂತ ತಿಳಿದುಕೊಳ್ಳಿ

ಬಿಬಿ ಅಂದರೆ ‘ಬ್ಲೆಮಿಶ್ ಬಾಮ್’. 1960ರ ದಶಕದಲ್ಲಿ ಜರ್ಮನಿಯ ಚರ್ಮವೈದ್ಯೆ ಕ್ರಿಸ್ಟೀನ್ ಶ್ರಾಮೆಕ್ ಅವರು ಪೀಲಿಂಗ್ (ಚರ್ಮದ ಮೇಲ್ಪದರ ಸುಲಿಯುವ ಚಿಕಿತ್ಸೆ) ಆದ ಮುಖಕ್ಕೆ ಹಚ್ಚಲು ಮಾಡಿದ ಮುಲಾಮು ಅದು. ಕೆಂಪಾದ ಚರ್ಮ ಮುಚ್ಚಬೇಕು, ಜೊತೆಗೆ ಆರೈಕೆಯೂ ಆಗಬೇಕು ಅನ್ನುವುದು ಉದ್ದೇಶ. ಮುಂದೆ ಅದು ದಕ್ಷಿಣ ಕೊರಿಯಾದಲ್ಲಿ ಬಿಬಿ ಕ್ರೀಮ್ ಆಗಿ ಮನೆಮಾತಾಯಿತು. ಅಲ್ಲಿಂದಲೇ ಕಳೆದ ದಶಕದಲ್ಲಿ ಬಿಬಿ ಗ್ಲೋ ಹೊರಟಿತು. ಕ್ರೀಮನ್ನು ಮೇಲೆ ಹಚ್ಚುವ ಬದಲು, ಬಣ್ಣ ಬೆರೆಸಿದ ಸೀರಮ್ಮನ್ನು ಸೂಜಿಮೊನೆಗಳಿರುವ ಪೆನ್ನಿನಿಂದ ಚರ್ಮದೊಳಕ್ಕೆ ಇಳಿಸುವುದು. ಎರಡರಿಂದ ನಾಲ್ಕು ಸಿಟ್ಟಿಂಗ್, ಮಧ್ಯೆ ಒಂದೆರಡು ವಾರದ ಬಿಡುವು.

ಸೀರಮ್ಮಿನಲ್ಲಿ ನಿಯಾಸಿನಮೈಡ್, ಹೈಲುರಾನಿಕ್ ಆಸಿಡ್ ಅಂತ ಒಳ್ಳೆಯ ಹೆಸರುಗಳು ಇರುತ್ತವೆ. ಆದರೆ ಕಣ್ಣಿಗೆ ಕಾಣುವ ಕೆಲಸ ಮಾಡುವುದು ಎರಡೇ. ಒಂದು ಟೈಟಾನಿಯಂ ಡೈಆಕ್ಸೈಡ್. ಗೋಡೆಗೆ ಹೊಡೆಯುವ ಬಿಳಿ ಪೇಂಟಿಗೂ ಬಿಳುಪು ಕೊಡುವುದು ಅದೇ. ಇನ್ನೊಂದು ಕಬ್ಬಿಣದ ಆಕ್ಸೈಡ್. ರಂಗೋಲಿ ಸುತ್ತ ಬಳಿಯುವ ಕೆಮ್ಮಣ್ಣಿಗೆ ಆ ಕೆಂಪು ಬರುವುದು ಇದರಿಂದಲೇ. ಎರಡೂ ವಿಷವಲ್ಲ. ಲಿಪ್‌ಸ್ಟಿಕ್ಕಿನಲ್ಲೂ ಇರುತ್ತವೆ, ಸನ್‌ಸ್ಕ್ರೀನಿನಲ್ಲೂ ಇರುತ್ತವೆ. ಮೇಲೆ ಇದ್ದಾಗ ತಕರಾರಿಲ್ಲ. ಒಳಗೆ ಹೋದಾಗ ಕತೆ ಬೇರೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಮುಖದ ಹೊರಚರ್ಮದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಅಂದರೆ ಒಂದು ಹಾಳೆ ಕಾಗದದಷ್ಟು. ಈ ಪದರ ಸುಮ್ನೆ ಕೂರುವುದಿಲ್ಲ. ಕೆಳಗಿನಿಂದ ಹೊಸ ಕೋಶ ಬರುತ್ತಾ, ಮೇಲಿನದು ಉದುರುತ್ತಾ, ಸುಮಾರು ಒಂದು ತಿಂಗಳಲ್ಲಿ ಪೂರ್ತಿ ಬದಲಾಗುತ್ತದೆ. ವಯಸ್ಸಾದಂತೆ ಇನ್ನೂ ಸ್ವಲ್ಪ ನಿಧಾನ. ಪಾರ್ಲರ್‌ನಲ್ಲಿ ಎರಡು ಮಾತು ಹೇಳುತ್ತಾರೆ: ‘ಬಣ್ಣ ಹೊರಚರ್ಮದಲ್ಲಷ್ಟೇ ಇರುತ್ತೆ, ಒಳಗೆ ಹೋಗಲ್ಲ’ ಮತ್ತು ‘ಆರು ತಿಂಗಳು ಬರುತ್ತೆ’. ಎರಡೂ ಒಟ್ಟಿಗೆ ನಿಜ ಆಗುವುದಿಲ್ಲ, ಅಲ್ವಾ? ಹೊರಚರ್ಮದಲ್ಲಷ್ಟೇ ಇದ್ದರೆ ಕೆಲವು ವಾರಗಳಲ್ಲಿ ಉದುರಿ ಹೋಗಬೇಕು. ಅದಕ್ಕೂ ತುಂಬಾ ಮುಂದೆ ಉಳಿದರೆ ಒಂದಿಷ್ಟು ಬಣ್ಣ ಒಳಚರ್ಮಕ್ಕೆ ಇಳಿದಿದೆ. ಹಚ್ಚೆ ಜೀವಮಾನವಿಡೀ ಉಳಿಯುವುದು ಹೀಗೆ ಒಳಚರ್ಮದಲ್ಲಿ ಕೂರುವುದರಿಂದಲೇ.

ಪೆನ್ನಿನಲ್ಲಿ ಕಾಲು ಮಿಲಿಮೀಟರ್ ಅಂತ ಇಟ್ಟ ಮಾತ್ರಕ್ಕೆ ಸೂಜಿ ಇಳಿಯುವ ಆಳ ಎಲ್ಲ ಕಡೆ ಒಂದೇ ಇರುವುದಿಲ್ಲ. ಕೈ ಎಷ್ಟು ಒತ್ತಿತು, ಕೆನ್ನೆಮೂಳೆ ಎಲ್ಲಿದೆ, ಒಂದೇ ಜಾಗದಲ್ಲಿ ಎಷ್ಟು ಸಲ ಓಡಿಸಿದರು ಅನ್ನುವುದರ ಮೇಲೆ ಬದಲಾಗುತ್ತದೆ. ಅಂದಹಾಗೆ, ಅಮೆರಿಕದಲ್ಲಿ ಆಹಾರ, ಔಷಧಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಅಂದಕ್ಕಾಗಿ ಚರ್ಮದೊಳಗೆ ಚುಚ್ಚಿ ಹಾಕುವ ಬಣ್ಣ ಒಂದಕ್ಕೂ ಒಪ್ಪಿಗೆ ಕೊಟ್ಟಿಲ್ಲ.

ನಿಮ್ಮ ಚರ್ಮ ಹೇಗೆ ಮಾಯುತ್ತದೆ ಅಂತ ನೋಡಿ

‘ನಿಮ್ಮದು ಆಯ್ಲಿ ಸ್ಕಿನ್ನಾ, ಡ್ರೈ ಸ್ಕಿನ್ನಾ?’ ಪಾರ್ಲರ್‌ನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ನನ್ನ ಪ್ರಕಾರ ಇದು ಎರಡನೇ ಪ್ರಶ್ನೆ. ಗಾಯ ಮಾಯ್ದ ಮೇಲೆ ನಿಮ್ಮ ಚರ್ಮ ಕಪ್ಪು ಕಲೆ ಬಿಡುತ್ತದೆಯೇ ಅನ್ನುವುದು ಮೊದಲ ಪ್ರಶ್ನೆ.

ಕೈಕಾಲು ನೋಡಿಕೊಳ್ಳಿ. ಕಳೆದ ತಿಂಗಳು ಸೊಳ್ಳೆ ಕಚ್ಚಿದ ಜಾಗ, ಒಗ್ಗರಣೆ ಹಾಕುವಾಗ ಎಣ್ಣೆ ಸಿಡಿದ ಜಾಗ, ಚಪ್ಪಲಿ ಉಜ್ಜಿದ ಹಿಮ್ಮಡಿ, ಮೊಡವೆ ಚಿವುಟಿದ ಕೆನ್ನೆ. ಒಂದೆರಡು ವಾರದಲ್ಲಿ ಗುರುತೇ ಇಲ್ಲದೆ ಹೋಯಿತಾ? ಅಥವಾ ಕಂದು ಚುಕ್ಕೆಯಾಗಿ ತಿಂಗಳುಗಟ್ಟಲೆ ಕೂತಿದೆಯಾ? ಕೂತಿದ್ದರೆ, ಸೂಜಿಯ ಸಾವಿರಾರು ಚುಚ್ಚಿಗೂ ನಿಮ್ಮ ಮುಖ ಅದೇ ಉತ್ತರ ಕೊಡಬಹುದು. ಹೊಳಪಿಗೆ ಅಂತ ಹೋಗಿ ಕಲೆ ತಂದುಕೊಂಡಂತಾಗುತ್ತದೆ. ಕೆಲವು ವಾರ ಬಣ್ಣ ಆ ಕಲೆಯನ್ನು ಮುಚ್ಚಿಟ್ಟಿರುತ್ತದೆ. ಬಣ್ಣ ಇಳಿದಾಗ ಕಲೆ ಮೇಲೆ ಬರುತ್ತದೆ. ‘ಎಫೆಕ್ಟ್ ಹೋಯ್ತು, ಇನ್ನೊಂದು ಸಿಟ್ಟಿಂಗ್ ತಗೊಳ್ಳಿ’ ಅನ್ನುತ್ತಾರೆ.

ಇದು ನಮ್ಮವರಿಗೆ ಯಾಕೆ ಮುಖ್ಯ ಅಂದರೆ, 1975ರಲ್ಲಿ ಹಾರ್ವರ್ಡ್‌ನ ಡಾ. ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಅವರು ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಎಂದು ನೋಡಿ ಬಿಳಿಯರ ಚರ್ಮವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಕಂದು ಮತ್ತು ಕಪ್ಪು ಚರ್ಮದ ಐದನೇ, ಆರನೇ ಬಗೆಯನ್ನು ಸೇರಿಸಿದ್ದು ಆಮೇಲೆ. ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದರಲ್ಲಿ ಬರುತ್ತೇವೆ. ನಮ್ಮ ಚರ್ಮ ಬಿಸಿಲಿಗೆ ಸುಲಭವಾಗಿ ಸುಡುವುದಿಲ್ಲ, ಆದರೆ ಪೆಟ್ಟು ಬಿದ್ದರೆ ಸುಲಭವಾಗಿ ಕಪ್ಪಾಗುತ್ತದೆ. ಕೊರಿಯಾದವರ ಮುಖಕ್ಕೆ ಒಪ್ಪಿದ್ದು ನಮಗೂ ಒಪ್ಪುತ್ತದೆ ಅನ್ನುವಂತಿಲ್ಲ.

ಬಣ್ಣದ ವಿಷಯದಲ್ಲೂ ಹಾಗೆಯೇ. ತಿಳಿ ಶೇಡುಗಳಲ್ಲಿ ಬಿಳಿ ಪುಡಿ ಜಾಸ್ತಿ. ಗೋಧಿ ಬಣ್ಣ, ಎಣ್ಣೆಗೆಂಪು ಬಣ್ಣದ ಮುಖದ ಮೇಲೆ ಅದು ಬೆಳ್ಳಗೆ ಕಾಣುವುದಿಲ್ಲ, ಬೂದಿ ಬಳಿದ ಹಾಗೆ ಕಾಣುತ್ತದೆ.

ಈಗ ಎರಡನೇ ಪ್ರಶ್ನೆಗೆ ಬರೋಣ. ಒಣ ಚರ್ಮವಾದರೆ ಹೊಟ್ಟು ಎದ್ದ ಕಡೆ ಬಣ್ಣವೂ ಜೊತೆಗೇ ಉದುರಿ, ಅಲ್ಲಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ. ಎರಡು ವಾರ ಮೊದಲಿನಿಂದ ಮಾಯಿಶ್ಚರೈಸರ್ ಹಚ್ಚಿದ್ದರೆ ಸ್ವಲ್ಪ ವಾಸಿ. ಎಣ್ಣೆ ಚರ್ಮದಲ್ಲಿ ಬಣ್ಣ ನಿಲ್ಲುವುದು ಕಡಿಮೆ. ದೊಡ್ಡ ರಂಧ್ರಗಳಲ್ಲಿ ಸೇರಿ ಚುಕ್ಕೆಚುಕ್ಕೆಯಾಗಿ ಕಾಣುವುದೂ ಉಂಟು. ಮಿಶ್ರ ಚರ್ಮದವರಿಗೆ ಹಣೆ, ಮೂಗಿನ ಮೇಲೆ ಮೊದಲು ಮಾಸುತ್ತದೆ. ಕಲೆಯಿಲ್ಲದ, ಮೊಡವೆಯಿಲ್ಲದ, ಯಾವುದಕ್ಕೂ ತುರಿಸದ ಚರ್ಮಕ್ಕೆ ಇದು ಚೆನ್ನಾಗಿ ಕೂರುತ್ತದೆ. ಅಂಥ ಚರ್ಮ ಇದ್ದವರಿಗೆ ಇದು ಯಾಕೆ ಬೇಕೋ ನನಗೆ ಅರ್ಥವಾಗಿಲ್ಲ.

ಇವರಿಗೆ ಬಿಬಿ ಗ್ಲೋ ಬೇಡ

ಮುಖದಲ್ಲಿ ಬಂಗು ಇದ್ದವರು ಎಲ್ಲರಿಗಿಂತ ಮೊದಲು. ಬಂಗು ಮುಚ್ಚಲು ಇದೇ ದಾರಿ ಅಂತ ಅವರಿಗೇ ಹೆಚ್ಚಾಗಿ ಮಾರುತ್ತಾರೆ. ಬಂಗಿಗೆ ಬಿಸಿಲು, ಶಾಖ, ಉಜ್ಜಾಟ ಯಾವುದೂ ಆಗುವುದಿಲ್ಲ. ಚುಚ್ಚಿದರೆ ಕೆರಳಬಹುದು.

ಕೀವು ತುಂಬಿದ ಮೊಡವೆ ಇದ್ದರೆ ಸೂಜಿ ಅದರ ಸೋಂಕನ್ನು ಮುಖವೆಲ್ಲ ಹರಡಬಹುದು. ಚಪ್ಪಟೆ ನರುಲಿಯೂ ಹೀಗೇ ಹರಡಬಹುದು. ತುಟಿಯಂಚಿನಲ್ಲಿ ಜ್ವರದ ಗುಳ್ಳೆ ಪದೇ ಪದೇ ಏಳುವವರಿಗೆ ಅದು ಮತ್ತೆ ಏಳಬಹುದು. ತೊನ್ನು, ಸೋರಿಯಾಸಿಸ್ ಇದ್ದವರಿಗೆ ಗಾಯವಾದ ಜಾಗದಲ್ಲೇ ಹೊಸ ಮಚ್ಚೆ ಹುಟ್ಟುವ ಅಪಾಯ ಇದೆ. ಕಿವಿ ಚುಚ್ಚಿಸಿದಾಗ ಗಂಟು ಕಟ್ಟಿತ್ತಾ? ಹಾಗಾದರೆ ನಿಮ್ಮದು ಕೀಲಾಯ್ಡ್ ಬರುವ ಚರ್ಮ, ಸುಮ್ನೆ ಕೆಣಕಬೇಡಿ. ಇಸುಬು, ಗರ್ಭಿಣಿ, ಹಾಲುಣಿಸುವ ತಾಯಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ: ಇವೂ ಅದೇ ಪಟ್ಟಿಗೆ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ಸೂಜಿಗೆ ಮುಖ ಕೊಡಬೇಡಿ.

ಇನ್ನೊಂದು ಗುಂಪು ತಾವು ಈ ಪಟ್ಟಿಯಲ್ಲಿದ್ದೇವೆ ಅಂತಲೇ ತಿಳಿದಿರುವುದಿಲ್ಲ. ಬೆಳ್ಳಗಾಗಲು ಮೆಡಿಕಲ್ ಶಾಪಿನಿಂದ ಟ್ಯೂಬ್ ತಂದು ವರ್ಷಗಟ್ಟಲೆ ಹಚ್ಚಿದವರು. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಚರ್ಮ ತೆಳ್ಳಗಾಗಿರುತ್ತದೆ. ತಿಳಿದವರು ಈ ಮುಖವನ್ನು ಮುಟ್ಟುವುದಿಲ್ಲ.

ಪಾರ್ಲರ್‌ನಲ್ಲಿ ಏನು ಕೇಳಬೇಕು

ಬಾಟಲಿ ತೋರಿಸಿ ಅನ್ನಿ. ಕೇಳುವುದಕ್ಕೆ ಸಂಕೋಚ ಬೇಡ, ಹೋಗುವುದು ನಿಮ್ಮ ಮುಖಕ್ಕೆ. ಆಮದಾದ ಸೌಂದರ್ಯ ಸಾಮಗ್ರಿಯ ಮೇಲೆ ನೋಂದಣಿ ಸಂಖ್ಯೆ, ಆಮದು ಮಾಡಿದವರ ಹೆಸರು–ವಿಳಾಸ ಇರಬೇಕು ಅಂತ ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮ ಹೇಳುತ್ತದೆ. ಅದಿಲ್ಲದೆ ಬರೀ ಕೊರಿಯನ್ ಅಕ್ಷರ ಇದ್ದರೆ ಎದ್ದು ಬನ್ನಿ. ಚರ್ಮದ ಮೇಲೆ ಹಚ್ಚುವುದಕ್ಕೆ ಮಾತ್ರ ಅಂತ ಬರೆದಿದ್ದರೆ, ‘ಮತ್ತೆ ಸೂಜಿ ಯಾಕೆ?’ ಅಂತ ಕೇಳಿ. ಮೇಲೆ ಹಚ್ಚುವುದಕ್ಕೆ ಮಾಡಿದ ವಸ್ತುವಿನಲ್ಲಿ ಸುವಾಸನೆ, ಕೆಡದಂತೆ ಇಡುವ ರಾಸಾಯನಿಕ ಎಲ್ಲ ಇರುತ್ತವೆ. ಸೂಜಿ ತೂತಿನೊಳಗೆ ಹೋದರೆ ಚರ್ಮ ಅವುಗಳ ಮೇಲೆ ಯುದ್ಧಕ್ಕೆ ನಿಲ್ಲಬಹುದು. ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು) ಜೊತೆ ವಿಟಮಿನ್ ಸಿ ಸೀರಮ್ ಹಾಕಿಸಿಕೊಂಡವರಿಗೆ ಮುಖದಲ್ಲಿ ಗಟ್ಟಿ ಗಂಟುಗಳು ಎದ್ದ ಪ್ರಕರಣ 2014ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ.

ಸೂಜಿಯ ಕಾರ್ಟ್ರಿಡ್ಜ್ ಸೀಲ್ ಒಡೆಯುವುದು ನಿಮ್ಮ ಕಣ್ಣೆದುರೇ ಆಗಬೇಕು. ಮುಗಿದ ಮೇಲೆ ಬಿಸಾಡುವುದನ್ನೂ ನೋಡಿ. ಡೆಟಾಲ್‌ನಲ್ಲಿ ಅದ್ದಿಟ್ಟಿದ್ದೇವೆ ಅನ್ನುವ ಮಾತು ನಡೆಯುವುದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ ‘ವ್ಯಾಂಪೈರ್ ಫೇಶಿಯಲ್’ ಮಾಡಿಸಿಕೊಂಡವರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಅದು ರಕ್ತ ಬಳಸುವ ಫೇಶಿಯಲ್, ಇದಲ್ಲ. ಆದರೆ ಸೂಜಿ ಎರಡರಲ್ಲೂ ಇದೆ.

ಪ್ಯಾಚ್ ಟೆಸ್ಟ್ ಮತ್ತು ದಿನದ ಲೆಕ್ಕ

ಇಷ್ಟಾದ ಮೇಲೂ ಮಾಡಿಸಲೇಬೇಕು ಅನ್ನಿಸಿದರೆ ಕಿವಿಯ ಹಿಂದೆ ಅದೇ ಸೀರಮ್, ಅದೇ ಸೂಜಿಯಲ್ಲಿ ಸಣ್ಣ ಜಾಗ ಮಾಡಿಸಿ. ಹದಿನೈದು ನಿಮಿಷ ನೋಡಿ ‘ಏನೂ ಆಗಿಲ್ಲ’ ಅನ್ನುವುದು ಪರೀಕ್ಷೆಯೇ ಅಲ್ಲ. ಕೆಲವು ಅಲರ್ಜಿ ಕಾಣಿಸಿಕೊಳ್ಳಲು ಎರಡು ಮೂರು ದಿನ ಬೇಕು. ಕಲೆ ಬೀಳುತ್ತದಾ ಅಂತ ತಿಳಿಯಲು ನಾಲ್ಕು ವಾರವಾದರೂ ಬೇಕು.

ಮದುವೆಗೆ ಮೂರು ವಾರ ಅಂದಾಗ ನಾನು ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಪ್ಯಾಚ್ ಟೆಸ್ಟಿಗೆ ಒಂದು ತಿಂಗಳು, ಸಿಟ್ಟಿಂಗ್‌ಗಳಿಗೆ ಇನ್ನೊಂದು, ಹೆಚ್ಚುಕಮ್ಮಿ ಆದರೆ ಸರಿಪಡಿಸಿಕೊಳ್ಳಲು ಮತ್ತೊಂದು. ಮಧ್ಯೆ ಅರಿಶಿನ ಶಾಸ್ತ್ರ ಬೇರೆ. ಚುಚ್ಚಿದ ಮುಖಕ್ಕೆ ಐದು ಜನ ಮುತ್ತೈದೆಯರು ಅರಿಶಿನ ತಿಕ್ಕಿದರೆ ಉರಿ ಕೇಳಬೇಕಾ!

ಮಾಡಿಸುವುದಕ್ಕೆ ಒಂದು ವಾರ ಮೊದಲೇ ಬ್ಲೀಚ್, ವ್ಯಾಕ್ಸ್, ಥ್ರೆಡಿಂಗ್, ಸ್ಕ್ರಬ್, ರೆಟಿನಾಲ್ ನಿಲ್ಲಿಸಿ. ಶೇಡನ್ನು ಕತ್ತಿನ ಬಣ್ಣಕ್ಕೆ ಹೊಂದಿಸಿ, ಕೈಗೆ ಅಲ್ಲ. ಟ್ಯೂಬ್‌ಲೈಟ್ ಕೆಳಗೆ ನಂಬಬೇಡಿ, ಬಾಗಿಲಾಚೆ ಬಂದು ಹಗಲು ಬೆಳಕಲ್ಲಿ ನೋಡಿ. ಎರಡು ಶೇಡುಗಳ ನಡುವೆ ಅನುಮಾನ ಬಂದರೆ ಗಾಢವಾದದ್ದನ್ನೇ ಆರಿಸಿ.

ಮಾಡಿಸಿದ ಮೇಲೆ

ಒಂದೆರಡು ದಿನ ಕೆಂಪು, ಬಿಗಿತ ಸಹಜ. ಒಂದು ದಿನ ಮೇಕಪ್ ಬೇಡ. ಮೂರು ದಿನ ಬೆವರುವ ಜಿಮ್, ಈಜುಕೊಳ, ಹಬೆ ಬೇಡ. ಒಂದು ವಾರ ನಿಂಬೆರಸ, ಕಡಲೆಹಿಟ್ಟು, ಅರಿಶಿನದ ಪ್ಯಾಕ್ ಬೇಡ. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಎರಡು ಬೆರಳುದ್ದ ತೆಗೆದು ಹಚ್ಚಿ. ಕಾರಿನ, ಆಫೀಸಿನ ಕಿಟಕಿ ಗಾಜಿನ ಮೂಲಕವೂ ಕಪ್ಪಾಗಿಸುವ ಕಿರಣ ಬರುತ್ತದೆ.

ಊತ, ಹಳದಿ ನೀರು, ನೋವು ಹೆಚ್ಚುತ್ತಾ ಹೋಗುವುದು, ಜ್ವರ ಕಂಡರೆ ಪಾರ್ಲರ್‌ಗೆ ಅಲ್ಲ, ಚರ್ಮವೈದ್ಯರ ಹತ್ತಿರ ಹೋಗಿ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಚರ್ಮ ವಿಭಾಗ ಇದೆ. ಉಸಿರಾಟಕ್ಕೆ ತೊಂದರೆಯಾದರೆ ನೇರ ಎಮರ್ಜೆನ್ಸಿಗೆ. ವಾರಗಳಾದ ಮೇಲೆ ಗಟ್ಟಿ ಗುಳ್ಳೆ ಎದ್ದರೂ ತೋರಿಸಿ. ಬಾಟಲಿಯ ಲೇಬಲ್ ಫೋಟೊ ಜೊತೆಗೆ ಒಯ್ಯಿರಿ, ಅದು ವೈದ್ಯರ ಅರ್ಧ ಕೆಲಸ ಉಳಿಸುತ್ತದೆ.

ಬಣ್ಣ ಇಷ್ಟವಾಗದಿದ್ದರೆ ಲೇಸರ್‌ನಲ್ಲಿ ತೆಗೆಸಿದರಾಯಿತು ಅಂತ ಮಾತ್ರ ಅಂದುಕೊಳ್ಳಬೇಡಿ. ಟೈಟಾನಿಯಂ ಡೈಆಕ್ಸೈಡ್ ಮತ್ತು ಕಬ್ಬಿಣದ ಆಕ್ಸೈಡ್ ಎರಡೂ ಹಚ್ಚೆ ತೆಗೆಯುವ ಲೇಸರ್ ಬಿದ್ದಾಗ ರಾಸಾಯನಿಕವಾಗಿ ಬದಲಾಗಿ ಕಪ್ಪಾಗಬಲ್ಲವು. ಚರ್ಮದ ಬಣ್ಣದ, ಬಿಳಿ ಬಣ್ಣದ ಹಚ್ಚೆಗಳಲ್ಲಿ ಹೀಗಾಗುವುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು. ಲೇಸರ್ ಮಾಡುವವರಿಗೆ ಬಿಬಿ ಗ್ಲೋ ಆಗಿದೆ ಅಂತ ಮೊದಲೇ ಹೇಳಿ.

ಸೂಜಿ ಬೇಡ ಅನ್ನುವವರಿಗೆ

ಅದೇ ಕಬ್ಬಿಣದ ಆಕ್ಸೈಡ್ ಬಣ್ಣದ ಸನ್‌ಸ್ಕ್ರೀನಿನಲ್ಲೂ ಸಿಗುತ್ತದೆ. ಟಿಂಟೆಡ್ ಸನ್‌ಸ್ಕ್ರೀನ್ ಅಂತ ಕೇಳಿ. ಚರ್ಮದ ಮೇಲೆ ಕೂತು ಅದು ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಬಂಗು ಕಪ್ಪಾಗುವುದರಲ್ಲಿ ಆ ಬೆಳಕಿನ ಪಾಲೂ ಇದೆ. ಹಾಗಾಗಿ ಸೂಜಿಯಲ್ಲಿ ಒಳಗೆ ಇಳಿಸಿದರೆ ಬಂಗಿನವರಿಗೆ ತೊಂದರೆ ಕೊಡಬಹುದಾದ ವಸ್ತು, ಬೆಳಿಗ್ಗೆ ಬೆರಳಲ್ಲಿ ಹಚ್ಚಿದರೆ ಅವರಿಗೇ ನೆರವಾಗುತ್ತದೆ.

ಅಕ್ಕನ ಮಗಳು ಕೊನೆಗೆ ಅದನ್ನೇ ತಂದಳು. ಮೊದಲ ದಿನ ಹಚ್ಚಿಕೊಂಡು ಬಂದಾಗ ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ. ಅಂಗಡಿಯ ಲೈಟಿನಲ್ಲಿ ಆರಿಸಿದ್ದಳಂತೆ. ನೋಡಿ ನಾವಿಬ್ಬರೂ ನಕ್ಕೆವು. ಬಚ್ಚಲಿಗೆ ಹೋಗಿ ತೊಳೆದುಕೊಂಡಳು, ಮರುದಿನ ಒಂದು ಶೇಡ್ ಗಾಢವಾದದ್ದು ತಂದಳು.