ಬೀದರ, ಕಲಬುರಗಿಯ ಭೂದೃಶ್ಯ ಕೆಲಸವನ್ನು ಪ್ರಶಸ್ತಿಗೆ ಕಳಿಸುವ ಬಗೆ

ಕೆರೆಯ ದಂಡೆಯನ್ನು ಸರಿಪಡಿಸಿದವರೂ ಶಾಲೆಯ ಬರಿ ಬಯಲನ್ನು ನೆರಳಿನ ಅಂಗಳವಾಗಿಸಿದವರೂ ನಮ್ಮ ಭಾಗದಲ್ಲಿ ಇದ್ದಾರೆ. ಆ ಕೆಲಸವನ್ನು ಭೂದೃಶ್ಯ ವಾಸ್ತುಶಿಲ್ಪದ, ಅಂದರೆ ನೆಲ, ನೀರು, ಗಿಡಮರಗಳಿಂದ ಹೊರಾಂಗಣವನ್ನು ರೂಪಿಸುವ ವಿನ್ಯಾಸದ, ಪ್ರಶಸ್ತಿಗೆ ಕಳಿಸಬಹುದೆಂಬ ಯೋಚನೆ ಮಾತ್ರ ಅನೇಕರಿಗೆ ಬರುವುದಿಲ್ಲ. ಅಂಥವರಿಗಾಗಿ ಈ ಬರಹ.

ಮೊದಲು ಪ್ರಶಸ್ತಿಯನ್ನು ಆರಿಸಿಕೊಳ್ಳಬೇಕು. ದೇಶದ ಮಟ್ಟದಲ್ಲಿ, 2003ರಲ್ಲಿ ಆರಂಭವಾದ ಭಾರತೀಯ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗಳ ಸಂಸ್ಥೆಯಾದ ಇಸೋಲಾ ಇದೆ. 1948ರಲ್ಲಿ ಸ್ಥಾಪನೆಯಾದ ಇದೇ ವೃತ್ತಿಯವರ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾದ ಏಷ್ಯಾ–ಪೆಸಿಫಿಕ್ ವಿಭಾಗವೂ ಪ್ರಶಸ್ತಿ ಕೊಡುತ್ತದೆ. ಹಳೆಯ ಜಲರಚನೆ ಅಥವಾ ಕೋಟೆಯ ಆವರಣವನ್ನು ಸಂರಕ್ಷಿಸಿದ ಕೆಲಸವಾದರೆ, 2000ದಿಂದ ನಡೆದುಬಂದಿರುವ ಯುನೆಸ್ಕೋದ ಏಷ್ಯಾ–ಪೆಸಿಫಿಕ್ ಸಾಂಸ್ಕೃತಿಕ ಪರಂಪರೆ ಸಂರಕ್ಷಣಾ ಪ್ರಶಸ್ತಿಯನ್ನು ನೋಡುವುದು ಲೇಸು. ವಿಭಾಗ, ಶುಲ್ಕ, ಕೊನೆಯ ದಿನಾಂಕ, ಸದಸ್ಯತ್ವದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ. ಹಿಂದಿನ ವರ್ಷದ ಪ್ರಕಟಣೆಯನ್ನು ನಂಬಿ ಕೂರಬೇಡಿ.

ಅರ್ಜಿ ಸಿದ್ಧಪಡಿಸುವಾಗ ನೆನಪಿಡಬೇಕಾದ ಮುಖ್ಯ ಸಂಗತಿಯೆಂದರೆ, ಅದನ್ನು ನೋಡುವ ತೀರ್ಪುಗಾರರು ನಮ್ಮ ಏಪ್ರಿಲ್ ತಿಂಗಳ ಬಿಸಿಲಲ್ಲಿ ನಿಂತವರಾಗಿರುವುದಿಲ್ಲ. ಇಲ್ಲಿಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ ಎಂಬುದನ್ನಾಗಲಿ, ನೆರಳಿಲ್ಲದೆಡೆ ಹಾಸಿದ ಶಹಾಬಾದಿ ಫರಸಿ ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಕಾಯುತ್ತದೆ ಎಂಬುದನ್ನಾಗಲಿ ನೀವು ಹೇಳದೆ ಅವರಿಗೆ ತಿಳಿಯದು. ಆದ್ದರಿಂದ ನೀವು ಕೈಗೊಂಡ ಪ್ರತಿ ನಿರ್ಧಾರದ ಪಕ್ಕದಲ್ಲಿ ಅದಕ್ಕೆ ಕಾರಣವಾದ ಮಣ್ಣು, ಬಿಸಿಲು ಅಥವಾ ನೀರಿನ ಕೊರತೆಯನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ.

ನೀರಿನ ವಿಷಯಕ್ಕೆ ಹೆಚ್ಚು ಜಾಗ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬೀದರದ ನೌಬಾದಿನ ಕರೇಜನ್ನು, ಅಂದರೆ ಊರವರ ಸುರಂಗ ಬಾವಿಯನ್ನು, ಉದಾಹರಣೆಗೆ ನೋಡಿ. ಬಹಮನಿಗಳ ಕಾಲದ ಈ ರಚನೆಯಲ್ಲಿ ಜಂಬಿಟ್ಟಿಗೆಯ, ಅಂದರೆ ರಂಧ್ರಗಳಿರುವ ಕೆಂಪು ಕಲ್ಲಿನ, ಪದರದೊಳಗೆ ಇಂಗಿದ ಮಳೆನೀರು, ನೆಲದಡಿ ಕೊರೆದ ಇಳಿಜಾರಿನ ಕಾಲುವೆಗೆ ಬಸಿದು, ಯಾವ ಯಂತ್ರದ ನೆರವೂ ಇಲ್ಲದೆ ಹರಿಯುತ್ತದೆ; ಮೇಲಿನಿಂದ ಇಳಿಸಿದ ಬಾವಿಗಳು ಗಾಳಿಗೂ ಹೂಳೆತ್ತಲಿಕ್ಕೂ ಒದಗುತ್ತವೆ. ಇಂಥ ಜಾಗದ ನಕ್ಷೆಯನ್ನು ಮೇಲಿನಿಂದ ಬರೆದರೆ ಕಾಣುವುದು ಸಾಲಾಗಿರುವ ಕೆಲವು ಗುಂಡಿಗಳು ಮಾತ್ರ. ನೆಲವನ್ನು ಕತ್ತರಿಸಿ ತೋರಿಸುವ ಸೆಕ್ಷನ್ ಚಿತ್ರದಲ್ಲಿ ಮಣ್ಣಿನ ಪದರ, ಕಾಲುವೆಯ ಆಳ ಮತ್ತು ಇಳಿಜಾರು ಒಮ್ಮೆಗೇ ಅರ್ಥವಾಗುತ್ತವೆ. ನಿಮ್ಮದು ಚಿಕ್ಕ ಶಾಲಾ ಅಂಗಳವಾದರೂ ಛಾವಣಿಯ ನೀರು ಎಲ್ಲಿ ಇಳಿದು, ಎಲ್ಲಿ ನಿಂತು, ಯಾವ ಮರದ ಬುಡಕ್ಕೆ ಸೇರುತ್ತದೆ ಎಂಬುದನ್ನು ಅಂಥದೇ ಚಿತ್ರದಲ್ಲಿ ತೋರಿಸಿ.

ಛಾಯಾಚಿತ್ರಗಳನ್ನು ಶ್ರಾವಣದ ಹಸಿರಿನಲ್ಲಿ ಮಾತ್ರ ತೆಗೆದು ಕಳಿಸುವುದು ದೊಡ್ಡ ತಪ್ಪು. ಮಳೆ ಬಂದಾಗ ಎಲ್ಲ ಜಾಗವೂ ಚೆಂದವೇ. ಬೇವು, ಹೊಂಗೆಗಳು ಯುಗಾದಿಯ ಹೊತ್ತಿಗೆ ಹೊಸ ಚಿಗುರು ತುಂಬಿ, ನೆರಳು ಅತಿ ಬೇಕಾದಾಗಲೇ ನೆರಳು ಕೊಡುತ್ತವೆ. ಆ ನೆರಳಿನಲ್ಲಿ ಮಧ್ಯಾಹ್ನ ಕೂತವರ ಚಿತ್ರ ಒಂದಿದ್ದರೆ ಮರದ ಆಯ್ಕೆಯನ್ನು ಸಮರ್ಥಿಸಲು ಬೇರೆ ಪುಟ ಬೇಡ. ಕೆಲಸ ಆರಂಭವಾಗುವ ಮೊದಲು ಇದ್ದ ಸ್ಥಿತಿಯ ಚಿತ್ರವನ್ನೂ ಈಗಿನದನ್ನೂ ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ ತೆಗೆದಿರಬೇಕು. ಇದನ್ನು ಮೊದಲ ದಿನವೇ ಮಾಡದಿದ್ದರೆ ಆಮೇಲೆ ಮಾಡಲಾಗದು.

ಗಿಡಗಳ ಪಟ್ಟಿಯಲ್ಲಿ ಊರಿನ ಹೆಸರಿನೊಂದಿಗೆ ಸಸ್ಯಶಾಸ್ತ್ರದ ಹೆಸರೂ ಇರಲಿ. ನೆಟ್ಟವು ಎಷ್ಟು, ಬದುಕಿದವು ಎಷ್ಟು ಎಂಬುದನ್ನು ಮುಚ್ಚಿಡದೆ ಬರೆಯಿರಿ. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಕಟ್ಟಡ ಕೆಲಸಕ್ಕೆ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯವಾಗಿರುವುದರಿಂದ, ಬೀದರ ಅಥವಾ ಕಲಬುರಗಿ ಕೋಟೆಯ ಸುತ್ತ ಕೆಲಸ ಮಾಡಿದವರು ಪಡೆದ ಅನುಮತಿ ಪತ್ರಗಳ ಪ್ರತಿಯನ್ನು ಮೊದಲೇ ಎತ್ತಿಟ್ಟುಕೊಳ್ಳಬೇಕು.

ಕೊನೆಗೆ ತಂಡದ ಹೆಸರುಗಳು. ವಿನ್ಯಾಸಕಾರರ ಜೊತೆಗೆ ಹೂಳೆತ್ತಿದವರು, ಕಲ್ಲು ಕಟ್ಟಿದವರು, ಮೊದಲ ಎರಡು ಬೇಸಿಗೆ ಸಸಿಗಳಿಗೆ ನೀರು ಹೊತ್ತ ಮಾಲಿಗಳು, ಇವರೆಲ್ಲರ ಹೆಸರನ್ನು ಅವರನ್ನೇ ಕೇಳಿ, ಅವರು ಹೇಳಿದ ಹಾಗೆ ಬರೆದುಕೊಂಡು ಅರ್ಜಿಗೆ ಸೇರಿಸಿ.