ಬುದ್ಧಿ ಹೇಳದೆ ಹತ್ತು ನಿಮಿಷ: ಯುವಜನರೊಂದಿಗೆ ಕೆಲಸ ಮಾಡುವ ಕಾರ್ಯಕರ್ತರಿಗೆ ಕೋಚಿಂಗ್ ಕಲಿಸುವ ಬಗೆ

ಕೋಚಿಂಗ್ ಎಂದೊಡನೆ ನಮಗೆ ನೆನಪಾಗುವುದು ಪಿಎಸ್‌ಐ, ಕೆಎಎಸ್ ಎಂದು ಬೋರ್ಡು ಹಾಕಿಕೊಂಡ ಧಾರವಾಡದ ತರಗತಿಗಳು. ಇಲ್ಲಿ ಹೇಳುತ್ತಿರುವುದು ಬೇರೆಯ ಕಸುಬು. ಎಸ್‌ಎಸ್‌ಎಲ್‌ಸಿ ನಪಾಸಾಗಿ ಗ್ಯಾರೇಜು, ಗಾರ್ಮೆಂಟ್ಸ್ ಸೇರಿದವರು, ಹೆತ್ತವರೊಂದಿಗೆ ಗುಳೆ ಹೋಗಿ ಬಂದವರು, ಇಂಥ ಹುಡುಗ ಹುಡುಗಿಯರ ಎದುರು ಕೂತು ಮುಂದಿನ ದಾರಿಯನ್ನು ಅವರ ಬಾಯಿಂದಲೇ ಹೊರಡಿಸುವ ಮಾತುಕತೆ ಅದು.

ಇದನ್ನು ಕಾರ್ಯಕರ್ತರಿಗೆ ಕಲಿಸಲು ಬೇಕಾದದ್ದು ಎರಡು ದಿನದ ತರಬೇತಿ, ಆಮೇಲೆ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಭೇಟಿ. ಇಷ್ಟಕ್ಕೆ ಸಮಯವಿಲ್ಲದಿದ್ದರೆ ಶುರು ಮಾಡಬೇಡಿ. ಒಂದೇ ದಿನದ ಶಿಬಿರದಿಂದ ಉಳಿಯುವುದು ಬ್ಯಾಗು ಮತ್ತು ಗ್ರೂಪ್ ಫೋಟೊ. ಹದಿನೈದು ಜನಕ್ಕಿಂತ ಹೆಚ್ಚು ಬೇಡ.

ಮೊದಲ ದಿನ ಬೆಳಿಗ್ಗೆ ಭಾಷಣ ಬಿಟ್ಟು ನೇರವಾಗಿ ಮೂವರ ಗುಂಪು ಮಾಡಿ. ಒಬ್ಬರು ಕಾರ್ಯಕರ್ತ, ಒಬ್ಬರು ಹುಡುಗ, ಇನ್ನೊಬ್ಬರು ನೋಡುಗ. ಹುಡುಗನಿಗೆ ಒಂದು ಚೀಟಿ. ಅದರ ಮುಂಭಾಗದಲ್ಲಿರುವುದು ಎಲ್ಲರಿಗೂ ಗೊತ್ತು: ವಯಸ್ಸು 17, ಗಣಿತದಲ್ಲಿ ನಪಾಸು, ಬೈಕ್ ಗ್ಯಾರೇಜಿನಲ್ಲಿ ಕೆಲಸ. ಹಿಂಭಾಗದಲ್ಲಿರುವುದು ಕಾರ್ಯಕರ್ತನಿಗೆ ಗೊತ್ತಿಲ್ಲ: ಅಂಕಪಟ್ಟಿ ತರಲು ಶಾಲೆಗೆ ಹೋದರೆ ಮೇಷ್ಟರು ಎಲ್ಲರೆದುರು ಬೈಯುತ್ತಾರೆಂಬ ಭಯ. ಸರಿಯಾಗಿ ಕೇಳಿದರೆ ಮಾತ್ರ ಹುಡುಗ ಅದನ್ನು ಹೇಳಬೇಕು. ನೋಡುಗನ ಕೆಲಸ ಒಂದೇ: ಬುದ್ಧಿಮಾತು ಬಂದಾಗಲೆಲ್ಲ ಕಾಗದದ ಮೇಲೆ ಒಂದು ಗೀಟು ಎಳೆಯುವುದು. ಸಮಯ ಹತ್ತು ನಿಮಿಷ.

ಮೊದಲ ಸುತ್ತು ಹೆಚ್ಚುಕಡಿಮೆ ಹೀಗೇ ಸಾಗುತ್ತದೆ:

‘ಯಾಕಪ್ಪ ಓದು ಬಿಟ್ಟೆ?’

‘ಹಾಗೇ ಸರ್.’

‘ಒಂದೇ ವಿಷಯ ತಾನೆ, ಮತ್ತೆ ಕಟ್ಟು. ಎಷ್ಟು ದಿನ ಗ್ರೀಸ್ ಒರೆಸಿಕೊಂಡು ಇರುತ್ತೀಯ?’

‘ಹೂಂ ಸರ್.’

‘ಹೂಂ ಸರ್’ ಬಂತೆಂದರೆ ಹುಡುಗ ಎದ್ದು ಹೋದ ಹಾಗೆಯೇ, ಕುರ್ಚಿಯಲ್ಲಿರುವುದು ಮೈ ಮಾತ್ರ. ಗೀಟುಗಳನ್ನು ಎಣಿಸಿದಾಗ ನಗು ಏಳುತ್ತದೆ, ನಗಲು ಬಿಡಿ. ‘ಯಾಕೆ’ ಎಂಬುದು ನಮ್ಮಲ್ಲಿ ಪ್ರಶ್ನೆಗಿಂತ ಹೆಚ್ಚಾಗಿ ಗದರಿಕೆ ಎಂಬುದನ್ನು ಆಗಲೇ ತೋರಿಸಿ. ಎರಡನೇ ಸುತ್ತಿನಲ್ಲಿ ‘ಯಾಕೆ’ ನಿಷಿದ್ಧ. ‘ಫಲಿತಾಂಶ ಬಂದ ದಿನ ಎಲ್ಲಿದ್ದೆ?’ ‘ಆಮೇಲೆ ಶಾಲೆಯ ಕಡೆ ಹೋಗಿದ್ದೆಯಾ?’ ಹೀಗೆ ನಡೆದದ್ದನ್ನು ಕೇಳಬೇಕು, ಉತ್ತರ ಬಂದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಚೀಟಿಯ ಹಿಂಭಾಗ ಹೊರಬರುವುದು ಬಹುಮಟ್ಟಿಗೆ ಆ ಮೌನದಲ್ಲಿಯೇ.

ಮಧ್ಯಾಹ್ನ ಒಂದು ಚೌಕಟ್ಟು ಕೊಡಬಹುದು. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡು, ಕೋಚಿಂಗ್ ಕುರಿತು ಬರೆದ ಜಾನ್ ವಿಟ್ಮೋರ್ ಅವರಿಂದ ಹೆಸರಾದ ‘ಗ್ರೋ’ (GROW) ಮಾದರಿಯಲ್ಲಿ ನಾಲ್ಕು ಮೆಟ್ಟಿಲು: ಗುರಿ, ಸದ್ಯದ ಸ್ಥಿತಿ, ಇರುವ ದಾರಿಗಳು, ಮಾಡುವ ಕೆಲಸ. ಅದು ಕಂಪನಿಗಳ ಮ್ಯಾನೇಜರುಗಳ ನಡುವೆ ಬೆಳೆದದ್ದು. ನಮ್ಮ ಹುಡುಗರಿಗೆ ಮೊದಲೇ ಗುರಿ ಕೇಳಿದರೆ ‘ಪೊಲೀಸ್ ಆಗಬೇಕು’ ಎಂದು ನಿಮಗೆ ಇಷ್ಟವಾಗುವುದನ್ನು ಹೇಳಿ ಮುಗಿಸುತ್ತಾರೆ. ಆದ್ದರಿಂದ ಸದ್ಯದ ಸ್ಥಿತಿಯಿಂದ ಶುರು ಮಾಡುವುದೇ ಒಳ್ಳೆಯದು: ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾನೆ, ಸಂಬಳ ಯಾರ ಕೈ ಸೇರುತ್ತದೆ, ಮನೆಯಲ್ಲಿ ಓದಲು ಬೆಳಕಿರುವ ಜಾಗ ಯಾವುದು.

ಎರಡನೇ ದಿನಕ್ಕೆ ಒಂದು ಉಪಾಯ ಇಟ್ಟುಕೊಳ್ಳಿ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ಮದ್ಯವ್ಯಸನಿಗಳೊಂದಿಗಿನ ಕೆಲಸದಿಂದ ಕಂಡುಕೊಂಡು 1983ರಲ್ಲಿ ಮೊದಲು ವಿವರಿಸಿದ ಸಂವಾದ ಪದ್ಧತಿಯಲ್ಲಿ ಇದು ಬಳಕೆಯಲ್ಲಿದೆ. ‘ಮತ್ತೆ ಪರೀಕ್ಷೆ ಕಟ್ಟುವುದು ನಿನಗೆ ಎಷ್ಟು ಮುಖ್ಯ, ಹತ್ತಕ್ಕೆ ಎಷ್ಟು?’ ಎಂದು ಕೇಳಿ. ‘ಮೂರು’ ಎನ್ನುತ್ತಾನೆ. ‘ಅಷ್ಟೇನಾ?’ ಎಂದರೆ ಕೆಟ್ಟಿತು. ‘ಒಂದು ಅನ್ನದೆ ಮೂರು ಅಂದೆಯಲ್ಲ, ಆ ಎರಡು ಎಲ್ಲಿಂದ ಬಂತು?’ ಎನ್ನಿ. ಪರೀಕ್ಷೆ ಕಟ್ಟುವುದರ ಪರವಾಗಿ ಆಗ ವಾದಿಸುವವನು ಅವನೇ. ‘ಯಾಕೆ’ಯ ನಿಷೇಧ ಇಲ್ಲಿಗೂ ಸಲ್ಲುತ್ತದೆ.

ಮಾತುಕತೆ ಮುಗಿಯುವಾಗ ಒಂದು ಕೆಲಸ, ಒಂದು ದಿನ ಗೊತ್ತಾಗಿರಬೇಕು. ‘ಚೆನ್ನಾಗಿ ಓದುತ್ತೇನೆ’ ಕೆಲಸವಲ್ಲ. ‘ಗುರುವಾರ ಅಕ್ಕನ ಜೊತೆ ಹೋಗಿ ಅಂಕಪಟ್ಟಿ ತರುತ್ತೇನೆ’ ಕೆಲಸ.

ಎಲ್ಲಿ ನಿಲ್ಲಬೇಕು ಎಂಬುದನ್ನು ಎರಡನೇ ದಿನ ಮಧ್ಯಾಹ್ನ ಕಡ್ಡಾಯವಾಗಿ ಹೇಳಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಕೊಡಕೂಡದು. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕರ್ತವ್ಯ, ಮುಚ್ಚಿಟ್ಟರೆ ಅಪರಾಧ. ಬಾಲ್ಯವಿವಾಹದ ಸುಳಿವಿಗೆ ಮಕ್ಕಳ ಸಹಾಯವಾಣಿ 1098, ಸಾಯುವ ಮಾತು ಬಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಈ ಅಂಕಿಗಳು ಪುಸ್ತಕದಲ್ಲಿದ್ದರೆ ಸಾಲದು, ಎಲ್ಲರ ಮೊಬೈಲಿನಲ್ಲಿ ಅಲ್ಲೇ ಸೇವ್ ಮಾಡಿಸಿ. ಮನೆಯಲ್ಲಿ ಅಕ್ಕಿಯಿಲ್ಲದವನಿಗೆ ಪ್ರಶ್ನೆ ಕೇಳುತ್ತ ಕೂರುವುದೂ ತಪ್ಪೇ. ಮೊದಲು ರೇಷನ್ ಕಾರ್ಡಿನ ಕೆಲಸ, ಕೋಚಿಂಗ್ ಆಮೇಲೆ.

ಮುಂದಿನ ಭೇಟಿಗಳಲ್ಲಿ ಪ್ರತಿಯೊಬ್ಬರೂ ನಿಜವಾಗಿ ನಡೆದ ಒಂದು ಮಾತುಕತೆಯನ್ನು ಹುಡುಗನ ಹೆಸರು ಹೇಳದೆ ತರಬೇಕು. ಎಲ್ಲಿ ಸಿಕ್ಕಿಹಾಕಿಕೊಂಡರೋ ಅಲ್ಲಿಂದ ಮತ್ತೆ ಆಡಿಸಿ. ಆಗಾಗ ನೀವೂ ಕಾರ್ಯಕರ್ತನ ಕುರ್ಚಿಯಲ್ಲಿ ಕೂತು, ಗೀಟು ಎಳೆಯುವ ಪೆನ್ನನ್ನು ಅವರ ಕೈಗೆ ಕೊಡಿ. ಕಳೆದ ಸಲ ನನಗೆ ಹತ್ತು ನಿಮಿಷದಲ್ಲಿ ನಾಲ್ಕು ಬಿದ್ದವು.